ಒಂದೇ ವೈನರಿಯ ವೈನ್ ವರ್ಷಕ್ಕೊಂದು ರುಚಿ ಇರುತ್ತದೆ. ಹಾಗಾದರೆ ಅದರ ‘ಶೈಲಿ’ ಅಂದರೆ ಏನು?

ಹವಾಮಾನ ಏನು ಕೊಟ್ಟಿತು, ಅದನ್ನು ವೈನ್ ಮಾಡುವವರು ಹೇಗೆ ಬಳಸಿಕೊಂಡರು, ಇವೆರಡೂ ಸೇರಿದ್ದೇ ಶೈಲಿ. ನನ್ನ ಪ್ರಕಾರ ಎರಡನೆಯದರ ತೂಕ ಜಾಸ್ತಿ.

ಬಿಸಿಲು ಹೆಚ್ಚಾದ ವರ್ಷ ದ್ರಾಕ್ಷಿಯಲ್ಲಿ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಸಕ್ಕರೆ ಹುದುಗಿಯೇ ಆಲ್ಕೋಹಾಲ್ ಆಗೋದಲ್ವಾ, ಹಾಗಾಗಿ ವೈನ್ ಖಡಕ್ ಆಗುತ್ತದೆ. ತಂಪು ವರ್ಷದಲ್ಲಿ ಇದಕ್ಕೆ ಉಲ್ಟಾ.

ಕ್ಯಾಲಿಫೋರ್ನಿಯಾದ ರಿಡ್ಜ್ ವೈನರಿ ನೋಡಿ. 1969ರಲ್ಲಿ ಅಲ್ಲಿಗೆ ವೈನ್ ಮಾಡಲು ಬಂದ ಪಾಲ್ ಡ್ರೇಪರ್, ರಸವನ್ನು ಹುದುಗಿಸಲು ಪ್ಯಾಕೆಟ್ ಯೀಸ್ಟ್ ಹಾಕುತ್ತಿರಲಿಲ್ಲ. ಹಣ್ಣಿನ ಜೊತೆ ಬಂದ ಯೀಸ್ಟೇ ಸಾಕು ಅನ್ನುವುದು ಅವರ ನಂಬಿಕೆ. ರಿಡ್ಜ್‌ನ ಮಾಂಟೆ ಬೆಲ್ಲೋ ಅನ್ನುವ ಕೆಂಪು ವೈನ್ ಹೆಚ್ಚಾಗಿ ಅಮೆರಿಕನ್ ಓಕ್ ಮರದ ಪೀಪಾಯಿಗಳಲ್ಲೇ ಮಾಗುತ್ತದೆ. ಇದು ಸುಲಭಕ್ಕೆ ಬದಲಾಗದ ಭಾಗ.

ಬದಲಾಗುವುದು ಕೈಕೆಲಸ. ಹುದುಗುವಾಗ ಸಿಪ್ಪೆಗಳು ಮೇಲೆ ತೇಲಿ ದಪ್ಪ ಪದರ ಕಟ್ಟುತ್ತವೆ. ಕೆಳಗಿನ ರಸವನ್ನು ಪಂಪ್ ಮಾಡಿ ಅದರ ಮೇಲೆ ಸುರಿದರೆ ಬಣ್ಣ, ಒಗರು ಎರಡೂ ರಸಕ್ಕೆ ಇಳಿಯುತ್ತವೆ. ರುಚಿ ನೋಡುತ್ತಾ ಹೋಗಬೇಕು. ಸಿಪ್ಪೆ ದಪ್ಪಗಿದ್ದು ಒಗರು ಬೇಗ ಬಂದರೆ ಪಂಪ್ ಕಡಿಮೆ ಮಾಡಿ, ಬೇಗ ಹಿಂಡಿಬಿಡಬೇಕು. ಆಮೇಲೆ ತೋಟದ ಪ್ರತಿ ತುಂಡಿನ ವೈನನ್ನೂ, ಯಾವುದು ಎಲ್ಲಿಯದು ಅಂತ ಗೊತ್ತಿಲ್ಲದಂತೆ ರುಚಿ ನೋಡಿ, ಹೊಂದುವುದನ್ನು ಮಾತ್ರ ಬೆರೆಸುತ್ತಾರೆ. ಕೆಟ್ಟ ವರ್ಷವನ್ನು ಉಳಿಸುವುದು ಈ ಹಂತವೇ.

ರಿಡ್ಜ್‌ನ 1971ರ ಮಾಂಟೆ ಬೆಲ್ಲೋ, ಫ್ರಾನ್ಸ್ ಮತ್ತು ಕ್ಯಾಲಿಫೋರ್ನಿಯಾದ ವೈನ್‌ಗಳ ನಡುವೆ 1976ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಸ್ಪರ್ಧೆಯಲ್ಲಿ ಕೆಂಪು ವೈನ್‌ಗಳ ಪೈಕಿ ಐದನೆಯದಾಗಿತ್ತು. 2006ರಲ್ಲಿ ಆ ಸ್ಪರ್ಧೆಯ ಅದೇ ಕೆಂಪು ವೈನ್‌ಗಳನ್ನು ಮತ್ತೆ ರುಚಿ ನೋಡಿದಾಗ ಮೊದಲ ಸ್ಥಾನ ಅದಕ್ಕೇ ಸಿಕ್ಕಿತು.