ಎಡಿಸನ್‌ನಲ್ಲಿ ಹ್ಯಾಂಡ್‌ಗನ್: ವಿರಾಜಪೇಟೆ ತಮ್ಮನಿಗೆ ಉತ್ತರ

ತಮ್ಮಾ, ನೀನು ಕೇಳಿದ್ದು ಮೂರು. ಅಮೆರಿಕದ ನ್ಯೂಜೆರ್ಸಿಯ ಈ ಎಡಿಸನ್‌ನಲ್ಲಿ ಮನೆ ಎಲ್ಲಿ ನೋಡೋದು, ಕಾರು ಹೊಸದೋ ಹಳೇದೋ, ಆಮೇಲೆ "ಅಣ್ಣಾ, ಕೋವಿ ಇರೋ ಮನೇಲಿ ಬೆಳೆದವನು ನಾನು, ಎಚ್-1ಬಿಯಲ್ಲಿ ಇಲ್ಲಿ ಹ್ಯಾಂಡ್‌ಗನ್ ತಗೋಬಹುದಾ?" ಮನೆ ರೈಲು ಸ್ಟೇಷನ್ನಿಗೆ ಹತ್ತಿರ ಇರಲಿ, ಕಾರು ಹಳೇದೇ ಸಾಕು. ಮೂರನೇದಕ್ಕೆ ಕೂತು ಬರೀತಿದ್ದೀನಿ. ನಾನು ಬಂದಾಗ ಇದನ್ನ ಹೇಳೋರು ಇರಲಿಲ್ಲ.

ತಗೋಬೇಡ. ನ್ಯೂಜೆರ್ಸಿ ಕಾನೂನಿನ ಮಾತು ಆಮೇಲೆ, ಫೆಡರಲ್ ಕಾನೂನೇ ನಿನ್ನಂಥ ತಾತ್ಕಾಲಿಕ ವೀಸಾದವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳೋ ಹಾಗಿಲ್ಲ ಅನ್ನುತ್ತೆ. ಶಿಕ್ಷೆ 15 ವರ್ಷದವರೆಗೆ. ನಿನ್ನ ಅವಲಂಬಿತಳಾಗಿ ಎಚ್-4 ವೀಸಾದಲ್ಲಿರೋ ಹೆಂಡತಿಗೂ ಅಷ್ಟೇ. ಆಫೀಸಿನವರು ಟೀಂ ಔಟಿಂಗ್ ಅಂತ ಗುರಿಗೆ ಗುಂಡು ಹೊಡೆಯೋ ರೇಂಜಿಗೆ ಕರೀತಾರೆ. ಅಲ್ಲಿ ಬಾಡಿಗೆ ಗನ್ ಹಿಡಿದರೂ ಅದೇ ಫೆಡರಲ್ ಕಾನೂನು, ನೀನೇ ಹಾಕಿದ ಫೋಟೋ ಅದಕ್ಕೆ ಸಾಕ್ಷಿ. ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ನಿಜ. ಲೈಸೆನ್ಸ್ ಮುಗಿದ ದಿನ ವಿನಾಯಿತಿಯೂ ಮುಗೀತು, ಗನ್ ಮಾತ್ರ ಕಪಾಟಲ್ಲೇ ಇರುತ್ತೆ. ಬಂದೂಕಿನ ಕೇಸಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದು. ಊರಲ್ಲಿ, ನಮ್ಮ ಕೊಡಗಿನಲ್ಲಿ, ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೊಡವರಿಗೂ 2029ರವರೆಗೆ ಕೋವಿಗೆ ಲೈಸೆನ್ಸ್ ಬೇಡ ಅನ್ನೋ ಆದೇಶ ಇದೆಯಲ್ಲ, ಅದರ ಹೆಮ್ಮೆ ನನಗೂ ಇದೆ. ಇಲ್ಲಿ ಅದು ಬರೀ ಕಾಗದ.

ಗ್ರೀನ್ ಕಾರ್ಡ್ ಬಂದಮೇಲೆ ಹೀಗೆ. ವಯಸ್ಸು 21 ಆಗಿರಬೇಕು. ಮೊದಲು ಸುರಕ್ಷತಾ ತರಬೇತಿ. 2022ರ ಕಾನೂನಿನಿಂದ ಕಡ್ಡಾಯ, ಅರ್ಜಿಗೆ ಹಿಂದಿನ ನಾಲ್ಕು ವರ್ಷದೊಳಗೆ ಮುಗಿಸಿರಬೇಕು. ಆಮೇಲೆ ಸ್ಟೇಟ್ ಪೊಲೀಸ್ ಪೋರ್ಟಲ್‌ನಲ್ಲಿ ಅರ್ಜಿ. ತೀರ್ಮಾನ ನಿಮ್ಮೂರಿನ ಪೊಲೀಸರದು. ಬೆರಳಚ್ಚು, ಮಾನಸಿಕ ಆರೋಗ್ಯದ ದಾಖಲೆ ನೋಡೋಕೆ ಒಪ್ಪಿಗೆ, ಇಬ್ಬರು ಪರಿಚಯದವರ ಹೆಸರು. ಅವರಿಗೆ ಬರೋ ಇಮೇಲ್ ಸ್ಪ್ಯಾಮ್‌ಗೆ ಹೋಗಿ ಬಿದ್ದಿರುತ್ತೆ, ಅರ್ಜಿ ಹಾಕಿದವನು ಪೊಲೀಸರನ್ನು ಬೈತಾ ಕೂತಿರ್ತಾನೆ. ನಮ್ಮವರು ಎಡವೋ ಇನ್ನೊಂದು ಜಾಗ ಹೆಸರು: ಮನೆತನದ ಹೆಸರು ಪಾಸ್‌ಪೋರ್ಟಲ್ಲಿ ಒಂದು ಕಡೆ, ಡ್ರೈವಿಂಗ್ ಲೈಸೆನ್ಸಲ್ಲಿ ಇನ್ನೊಂದು ಕಡೆ. ಬೆರಳಚ್ಚಿಗೆ ಹೋಗೋ ಮುಂಚೆ ಎಲ್ಲಾ ಕಡೆ ಒಂದೇ ಥರ ಮಾಡಿಸು.

ಒಂದು ಪರ್ಮಿಟ್‌ಗೆ ಒಂದೇ ಹ್ಯಾಂಡ್‌ಗನ್, ಶುಲ್ಕ 25 ಡಾಲರ್, ಅವಧಿ 90 ದಿನ, ಕಾರಣ ಕೊಟ್ಟರೆ ಇನ್ನೊಂದು 90. 30 ದಿನಕ್ಕೆ ಒಂದಕ್ಕಿಂತ ಹೆಚ್ಚು ಕೊಳ್ಳೋ ಹಾಗಿಲ್ಲ. ಇವೆಲ್ಲದರ ಮೇಲೂ ಕೋರ್ಟಲ್ಲಿ ದಾವೆ ನಡೀತಾನೇ ಇರುತ್ತೆ, ಅರ್ಜಿ ಹಾಕೋ ದಿನ ಏನು ನಿಯಮ ಇದೆಯೋ ನೋಡಿಕೋ. ಪೆನ್ಸಿಲ್ವೇನಿಯಾದಲ್ಲಿ ಅಗ್ಗ ಅಂತ ಸೇತುವೆ ದಾಟಬೇಡ: ಹ್ಯಾಂಡ್‌ಗನ್ ಹೊರರಾಜ್ಯದ ಅಂಗಡಿಯಿಂದ ನೇರ ನಿನ್ನ ಕೈಗೆ ಕೊಡೋ ಹಾಗಿಲ್ಲ, ನಮ್ಮ ರಾಜ್ಯದ ಡೀಲರ್ ಮೂಲಕವೇ ಬರಬೇಕು. 10 ಗುಂಡಿಗಿಂತ ಹೆಚ್ಚು ಹಿಡಿಯೋ ಮ್ಯಾಗಜೀನ್ ಇಲ್ಲಿ ನಿಷಿದ್ಧ.

ಕೊಂಡವರು ಸಿಕ್ಕಿಬೀಳೋದು ಕಾರಲ್ಲಿ. ಕೊಳ್ಳೋ ಪರ್ಮಿಟ್ ಬೇರೆ, ಜೊತೆಗಿಟ್ಟು ಓಡಾಡೋ ಪರ್ಮಿಟ್ ಬೇರೆ. ಬರೀ ಮೊದಲನೇದಿದ್ದರೆ ಮನೆಯಿಂದ ರೇಂಜಿಗೆ, ರೇಂಜಿಂದ ಮನೆಗೆ. ಗುಂಡು ತೆಗೆದು, ಮುಚ್ಚಿ ಬಿಗಿದ ಪೆಟ್ಟಿಗೆಯಲ್ಲೋ ಬೀಗ ಹಾಕಿದ ಡಿಕ್ಕಿಯಲ್ಲೋ ಇಟ್ಟಿರಬೇಕು. ದಾರಿಯಲ್ಲಿ ತೀರಾ ಅಗತ್ಯದ ನಿಲುಗಡೆಗೆ ಅಡ್ಡಿಯಿಲ್ಲ. ವಾಪಸ್ ಬರ್ತಾ ಓಕ್ ಟ್ರೀ ರೋಡಲ್ಲಿ ಮಸಾಲೆ ದೋಸೆ ತಿಂದು ಗಂಟೆಗಟ್ಟಲೆ ಹರಟೋದು ಅಗತ್ಯವಾ ಅಂತ ಜಡ್ಜ್ ಮುಂದೆ ವಾದ ಮಾಡಬೇಕಾಗುತ್ತೆ. ಸೀಟಿನ ಕೆಳಗೆ ಸಿಕ್ಕಿದರಂತೂ ಬಂದೂಕಿನ ಅಪರಾಧಕ್ಕೆ ಕಡ್ಡಾಯ ಜೈಲು ಅನ್ನೋ ನ್ಯೂಜೆರ್ಸಿಯ ಗ್ರೇವ್ಸ್ ಕಾಯ್ದೆ: 5ರಿಂದ 10 ವರ್ಷ, ಅದರಲ್ಲಿ ಕನಿಷ್ಠ ಮೂರೂವರೆ ವರ್ಷ ಪರೋಲೂ ಇಲ್ಲ. ಹಿಂದೆ ಏನೂ ಮಾಡಿರದವನಿಗೂ ಇದೇ.

ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಕೋವಿ ತೊಳೆದು, ನಳಿಗೆಗೆ ತೋಕ್ ಪೂ ಅನ್ನೋ ಹೂವು ಸಿಕ್ಕಿಸಿ ಇಡ್ತೀವಲ್ಲ, ಅದನ್ನ ಇಲ್ಲಿ ಹುಟ್ಟಿದ ನನ್ನ ಮಗನಿಗೆ ವಿಡಿಯೋ ಕಾಲಲ್ಲೇ ತೋರಿಸಿದ್ದು. ಸೆಪ್ಟೆಂಬರ್‌ನಲ್ಲಿ ನಮ್ಮನೆಗೆ ಬಾ, ಅಕ್ಕಿಯ ಕಡಂಬುಟ್ಟು, ಹಂದಿಮಾಂಸದ ಪಂದಿ ಕರಿ ಇರುತ್ತೆ. ಕರಿಗೆ ಹಾಕೋ ಹುಳಿ ಕಾಚಂಪುಳಿ ಊರಿಂದ ತಂದಿದ್ದರೆ ಒಂದು ಸೀಸೆ ಹಿಡಿದುಕೊಂಡು ಬಾ.