ಹೈಫಾದ ಸಾರ್ವಜನಿಕ ಬಂಕರ್‌ಗಳು ಉಗ್ರಾಣವಾದದ್ದು ಹೇಗೆ?

ಪ್ರಶ್ನೆ: ನನ್ನ ಅಕ್ಕ ಇಸ್ರೇಲಿನ ಹೈಫಾದಲ್ಲಿ ವೃದ್ಧೆಯೊಬ್ಬರ ಆರೈಕೆಯ ಕೆಲಸದಲ್ಲಿದ್ದಾರೆ. ಅವರಿರುವ ಹಳೆಯ ಕಟ್ಟಡದಲ್ಲಿ ರಕ್ಷಣಾ ಕೊಠಡಿಯಿಲ್ಲ. ಬೀದಿಯ ಸಾರ್ವಜನಿಕ ಬಂಕರಿನಲ್ಲಿ ಹಳೆಯ ಸಾಮಾನು ತುಂಬಿದೆಯಂತೆ. ಇಷ್ಟು ದಾಳಿಗಳನ್ನು ಕಂಡ ನಗರ ಹೀಗೆ ಮಾಡುವುದು ನಿರ್ಲಕ್ಷ್ಯವಲ್ಲವೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ನಿರ್ಲಕ್ಷ್ಯ ಖಂಡಿತ ಇದೆ, ಆದರೆ ಅದಕ್ಕೊಂದು ಇತಿಹಾಸವೂ ಇದೆ. 1951ರ ನಾಗರಿಕ ರಕ್ಷಣಾ ಕಾಯ್ದೆಯ ಕಾಲದಲ್ಲಿ ಇಸ್ರೇಲ್ ಹೆದರುತ್ತಿದ್ದದ್ದು ಶತ್ರು ವಿಮಾನಗಳಿಗೆ. ವಿಮಾನ ಬರುವ ಸೂಚನೆ ಸಿಕ್ಕ ಮೇಲೆ ಮೆಟ್ಟಿಲಿಳಿದು ಬೀದಿ ದಾಟಿ ನೆಲದಡಿ ಸೇರಲು ಸಮಯವಿರುತ್ತದೆ ಎಂಬ ಲೆಕ್ಕದಲ್ಲಿ ಸಾರ್ವಜನಿಕ ಬಂಕರ್‌ಗಳು ಎದ್ದವು.

ಆ ಲೆಕ್ಕ ತಪ್ಪಿದ್ದು 1991ರ ಕೊಲ್ಲಿ ಯುದ್ಧದಲ್ಲಿ. ಇರಾಕಿನ ಸ್ಕಡ್ ಕ್ಷಿಪಣಿಗಳಲ್ಲಿ ವಿಷಾನಿಲ ಇರಬಹುದೆಂಬ ಭಯವಿತ್ತು. ಅಂಥ ಅನಿಲ ಗಾಳಿಗಿಂತ ಭಾರವಾಗಿ ತಗ್ಗಿನಲ್ಲಿ ನಿಲ್ಲುವುದರಿಂದ, ನೆಲಮಾಳಿಗೆಗೆ ಇಳಿಯುವ ಬದಲು ಮನೆಯ ಒಂದು ಕೋಣೆಯ ಸಂದುಗೊಂದುಗಳಿಗೆ ಪ್ಲಾಸ್ಟಿಕ್ ಹಾಳೆ, ಟೇಪು ಅಂಟಿಸಿ ಕೂರುವಂತೆ ಜನರಿಗೆ ಸೂಚಿಸಲಾಯಿತು. ಮರುವರ್ಷದಿಂದ ಹೊಸ ಮನೆಗಳಲ್ಲಿ ದಪ್ಪ ಕಾಂಕ್ರೀಟ್ ಗೋಡೆಯ, ಉಕ್ಕಿನ ಬಾಗಿಲಿನ ‘ಮಮಾದ್’ ಕೊಠಡಿ ಕಡ್ಡಾಯವಾಯಿತು. ಬಂಕರಿನ ಅವನತಿ ಶುರುವಾದದ್ದು ಇಲ್ಲಿಂದ ಎಂದೇ ನನ್ನ ಅಭಿಪ್ರಾಯ. ಹೊಸ ಮನೆ ಕೊಳ್ಳಬಲ್ಲವರ ರಕ್ಷಣೆ ಅವರವರ ಗೋಡೆಯೊಳಗೆ ಸೇರಿತು. ಬೀದಿಯ ಬಂಕರ್ ಹಳೆಯ ಕಟ್ಟಡಗಳಲ್ಲಿ ಉಳಿದ ವೃದ್ಧರ, ಬಡವರ, ಅವರನ್ನು ನೋಡಿಕೊಳ್ಳುವ ನಿಮ್ಮ ಅಕ್ಕನಂಥವರ ಪಾಲಿಗೆ ಉಳಿಯಿತು. ಇವರ ದೂರಿಗೆ ನಗರಸಭೆಗಳಲ್ಲಿ ತೂಕ ಕಡಿಮೆ.

ಅನಂತರದ ಭಯೋತ್ಪಾದನೆಯ ಸ್ವರೂಪವೂ ಬಂಕರನ್ನು ಮರೆಸಿತು. 2003ರ ಮಾರ್ಚ್‌ನಲ್ಲಿ ಹೈಫಾದ ಬಸ್ಸೊಂದರಲ್ಲಿ 17 ಮಂದಿಯನ್ನೂ ಅಕ್ಟೋಬರ್‌ನಲ್ಲಿ ಕಡಲ ತೀರದ ಉಪಾಹಾರ ಗೃಹದಲ್ಲಿ 21 ಮಂದಿಯನ್ನೂ ಬಲಿ ತೆಗೆದುಕೊಂಡವರು ಆತ್ಮಾಹುತಿ ದಾಳಿಕೋರರು. ಪಕ್ಕದಲ್ಲಿ ಕುಳಿತವನೇ ಬಾಂಬ್ ಆಗಿರುವಾಗ ಸೈರನ್ ಎಲ್ಲಿಂದ ಕೂಗಬೇಕು? ಎಲ್ಲರ ಗಮನ ಬಾಗಿಲಲ್ಲಿ ಚೀಲ ತಪಾಸಣೆ ಮಾಡುವ ಕಾವಲುಗಾರರತ್ತ ಹೋಯಿತು. ಬಂಕರ್‌ಗಳು ಕ್ಲಬ್ಬು, ಪ್ರಾರ್ಥನಾ ಕೊಠಡಿ, ಉಗ್ರಾಣಗಳಾದವು. ಶಾಂತಿಕಾಲದಲ್ಲಿ ಅನ್ಯ ಬಳಕೆ ತಪ್ಪೇನಲ್ಲ, ಬಳಸುವ ಜಾಗ ತೇವ ಹಿಡಿಯದೆ ಉಳಿಯುತ್ತದೆ. ತೊಂದರೆ ಇರುವುದು ಬೇಕಾದಾಗ ತೆರವು ಮಾಡಲಾಗದ ಸಾಮಾನಿನಲ್ಲಿ, ಕೀಲಿ ಯಾರಲ್ಲಿದೆಯೆಂದು ತಿಳಿಯದ ಬೀಗದಲ್ಲಿ.

2006ರಲ್ಲಿ ಲೆಬನಾನಿನ ಸಶಸ್ತ್ರ ಸಂಘಟನೆ ಹಿಜ್ಬುಲ್ಲಾ 34 ದಿನ ರಾಕೆಟ್ ಸುರಿಸಿದಾಗ ಇದು ಬಯಲಾಯಿತು. ಜುಲೈ 16ರಂದು ಹೈಫಾದ ರೈಲ್ವೆ ಡಿಪೋದಲ್ಲಿ 8 ಕಾರ್ಮಿಕರು ಸತ್ತರು. ನಾಗರಿಕರ ರಕ್ಷಣೆಯ ಲೋಪಗಳನ್ನು ಮರುವರ್ಷ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರ ವರದಿಯೇ ಟೀಕಿಸಿತು.

ಒಂದು ದಾಳಿಗೆಂದು ಕಟ್ಟಿದ್ದು ಇನ್ನೊಂದಕ್ಕೆ ಒದಗುವುದೂ ಇಲ್ಲ. 2023ರ ಅಕ್ಟೋಬರ್ 7ರಂದು ಗಾಜಾ ಗಡಿಯ ರಸ್ತೆಬದಿಯ ಬಾಗಿಲಿಲ್ಲದ ಪುಟ್ಟ ಬಂಕರ್‌ಗಳಲ್ಲಿ ಅಡಗಿದವರ ಮೇಲೆ ಹಮಾಸ್ ಬಂದೂಕುಧಾರಿಗಳು ಗ್ರೆನೇಡ್ ಎಸೆದರು.

ನಿಮ್ಮ ಅಕ್ಕನ ಮಟ್ಟಿಗೆ ಹೇಳುವುದಾದರೆ, ಸಾರ್ವಜನಿಕ ಬಂಕರ್ ತೆರವುಗೊಳಿಸುವ ಹೊಣೆ ನಗರಸಭೆಯದು. ಆ ವೃದ್ಧೆಯ ಕುಟುಂಬದವರ ಮೂಲಕ ಲಿಖಿತ ದೂರು ಕೊಡಿಸಲಿ. ಅಲ್ಲಿಯವರೆಗೆ, ನಡೆಯಲಾರದವರನ್ನು ಬೀದಿಗೆ ಇಳಿಸುವುದಕ್ಕಿಂತ ಕಿಟಕಿಯಿಲ್ಲದ ಒಳಗಿನ ಮೆಟ್ಟಿಲಮನೆಯಲ್ಲಿ, ತಲೆಯ ಮೇಲೆ ಕನಿಷ್ಠ ಎರಡು ಅಂತಸ್ತು ಇರುವ ಕಡೆ ಕೂರಿಸುವುದು ಲೇಸು.