ಈಸ್ಟ್ ಬೆಂಗಾಲ್‌ನ ಪಂಚ ಪಾಂಡವರು

ಪ್ರಶ್ನೆ: ಸರ್, ನಮ್ಮದು ಬೆಳಗಾವಿಯ ಟಿಳಕವಾಡಿ. ಫುಟ್‌ಬಾಲ್ ಮಾತು ಬಂದರೆ ನಮ್ಮ ಅಜ್ಜ ‘ಕಲ್ಕತ್ತಾದ ಪಂಚ ಪಾಂಡವರ ಆಟ ಈಗ ಎಲ್ಲಿದೆ’ ಅಂತಾರೆ. ಯಾರವರು? ಅವರಲ್ಲಿ ನಮ್ಮ ಕಡೆಯವರು ಇದ್ದರಾ?

ಉತ್ತರ: ಇದ್ದರು! ಅಜ್ಜ ಹೇಳೋದು ಈಸ್ಟ್ ಬೆಂಗಾಲ್ ಕ್ಲಬ್‌ನ ಐದು ಜನ ಫಾರ್ವರ್ಡ್ ಆಟಗಾರರ ಬಗ್ಗೆ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇ. ಆಗ ಮುಂದಿನ ಸಾಲಿನಲ್ಲೇ ಐವರು ಆಡುತ್ತಿದ್ದರು, ಹಾಗಾಗಿ ಆ ಹೆಸರು ಸರಿಯಾಗಿ ಹೊಂದಿಕೊಂಡಿತು. ಕ್ಲಬ್ಬು ಬಂಗಾಳದ್ದು, ಆದರೆ ಐವರೂ ದಕ್ಷಿಣದವರು. 1949ರಿಂದ 1951ರವರೆಗೆ ಸತತ ಮೂರು ವರ್ಷ ಕಲ್ಕತ್ತಾದ ಹೆಸರಾಂತ ಫುಟ್‌ಬಾಲ್ ಟೂರ್ನಿ ಐಎಫ್‌ಎ ಶೀಲ್ಡ್ ಗೆದ್ದ ತಂಡ ಅದು.

ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. ಚೆಂಡು ಕಾಲಿಗೆ ಸಿಕ್ಕರೆ ಎದುರಿನವರನ್ನು ಆಡಿಸಿಬಿಡುತ್ತಿದ್ದರು, ಅದಕ್ಕೇ ಜನ ಅವರನ್ನು ಹಾವಾಡಿಗ ಅಂತ ಪ್ರೀತಿಯಿಂದ ಕರೆಯುತ್ತಿದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದರು. ಆ ತಂಡದ ಬಹಳ ಜನ ಬರಿಗಾಲಲ್ಲೇ ಆಡಿದ್ದರು! 1951ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲೂ ಇದ್ದರು. ಮರು ವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು ಭಾರತ 1-10ರಿಂದ ಸೋತಿತು, ಆ ಒಂದೇ ಒಂದು ಗೋಲು ಹೊಡೆದದ್ದು ಇವರೇ. ಸೋಲು ಎಲ್ಲರಿಗೂ ನೆನಪಿದೆ, ಗೋಲು ಹೊಡೆದವರ ಹೆಸರು ಮಾತ್ರ ಕನ್ನಡಿಗರಿಗೇ ಗೊತ್ತಿಲ್ಲ ಅಂದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

2017ರಲ್ಲಿ ಅವರು ತೀರಿಕೊಂಡರು. ಅಜ್ಜನನ್ನು ಕೂರಿಸಿಕೊಂಡು ಮಾತಾಡಿಸಿ, ಅವರಿಗೆ ನೆನಪಿರುವುದನ್ನೆಲ್ಲ ಬರೆದುಕೊಳ್ಳಿ. ನಮಗೂ ಕಳಿಸಿ.